ರಟ್ಟಿನ ಕೀಬೋರ್ಡು

ನಮ್ಮ ಮನೆಯೊಳಗೆ ಯಾವ ಸಾಮಾನೂ ಸುಮ್ಮನೆ ಬರುವಂತಿರಲಿಲ್ಲ. ಭದ್ರಾವತಿಯಲ್ಲಿ ನಾವಿದ್ದದ್ದು ಹಂಚಿನ ಲೈನ್ ಮನೆ. ಮುಂದೆ ಒಂದು ಹಾಲ್, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು, ಮುಗಿಯಿತು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ಕಾಣುತ್ತಿತ್ತು. ಇಷ್ಟು ಪುಟ್ಟ ಮನೆಗೂ ನನ್ನಪ್ಪ ಒಂದು ಗೇಟು ಮಾಡಿಕೊಂಡಿದ್ದ, ಅದು ಹೊಸ್ತಿಲು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಪ್ಪ ಸ್ಟೋರ್‌ಕೀಪರ್. ಬಂದ ಮಾಲನ್ನು ಚಲನ್ ಜೊತೆ ಹೋಲಿಸಿ ನೋಡುವುದು, ಸರಿಯಿದ್ದರೆ ಸಹಿ ಹಾಕಿ ಒಳಗೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಲಾರಿ ಸಮೇತ ವಾಪಸ್ ಕಳಿಸುವುದು, ಇದು ಅವನ ಕೆಲಸ. ಇದಕ್ಕೆ ಅವನು ಟ್ಯಾಲಿ ಮಾಡುವುದು ಅನ್ನುತ್ತಿದ್ದ. ಆ ಕೆಲಸವನ್ನು ಕಾರ್ಖಾನೆಯಲ್ಲೇ ಬಿಟ್ಟು ಬರುವಷ್ಟು ಬುದ್ಧಿ ಅವನಿಗಿರಲಿಲ್ಲ. ಅಮ್ಮ ಸಂತೆಯಿಂದ ಬಂದರೆ ಚೀಲವನ್ನು ಹೊಸ್ತಿಲ ಆಚೆಯೇ ಇಳಿಸಬೇಕು. ಅಪ್ಪ ತಾನು ಬರೆದುಕೊಟ್ಟ ಪಟ್ಟಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಅಮ್ಮ ಒಂದೊಂದನ್ನೇ ಎತ್ತಿ ತೋರಿಸಬೇಕು.

"ಬದನೆಕಾಯಿ."

"ಇದೆ."

"ಬೀನ್ಸು."

"ಇದೆ."

"ಕೊತ್ತಂಬರಿ."

"ರೀ, ಕಾಲು ಬಿದ್ದು ಹೋಗ್ತಿದೆ. ಒಳಗೆ ಬಿಡ್ರಿ ಸಾಕು."

"ಕೊತ್ತಂಬರಿ ಇದೆಯೋ ಇಲ್ವೋ ಹೇಳೇ ಮಾರಾಯ್ತಿ. ಒಳಗೆ ಹೋದ್ಮೇಲೆ ಅದು ನನ್ನ ಜವಾಬ್ದಾರಿ."

ಒಮ್ಮೆ ಸೋದರಮಾವ ದಾವಣಗೆರೆಯಿಂದ ಅಮ್ಮನಿಗೆ ಅಂತ ಹೊಸ ಕುಕ್ಕರ್ ತಂದ. ಏಪ್ರಿಲ್ ಬಿಸಿಲು. ಅಪ್ಪ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಡಬ್ಬಿ ಬಿಚ್ಚಿ, ಒಳಗಿದ್ದ ಪುಸ್ತಕದ ಚಿತ್ರ ನೋಡಿ ನೋಡಿ ಗ್ಯಾಸ್ಕೆಟ್ಟು, ಸೀಟಿ, ಹಿಡಿಯ ಸ್ಕ್ರೂ ಎಲ್ಲ ಹೋಲಿಸಿ, ಆಮೇಲೆ "ಸರಿ ಇದೆ, ಬನ್ನಿ ಭಾವ" ಅಂದ. ಮಾವ ಒಳಗೆ ಬಂದ, ನೀರು ಕುಡಿದ, ಊಟ ಮಾಡದೆ ಹೋದ. ಅಮ್ಮ ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟಳು. ಆ ಎರಡು ದಿನ ಆ ಕುಕ್ಕರಿನಲ್ಲೇ ಅನ್ನ ಮಾಡಿ, ಪ್ರತಿ ಸೀಟಿಗೂ ಅಪ್ಪನ ಕಡೆ ಒಂದು ಸಲ ನೋಡುತ್ತಿದ್ದಳು. ಈ ಮನೆಯಲ್ಲಿ ಟ್ಯಾಲಿ ಇಲ್ಲದೆ ಹೊಸ್ತಿಲು ದಾಟುತ್ತಿದ್ದದ್ದು ನಾನು ತಂದದ್ದು ಮಾತ್ರ. ರೇಷನ್ ಸಕ್ಕರೆಯಿರಲಿ, ಮಾರ್ಕ್ಸ್ ಕಾರ್ಡಿರಲಿ, ಅಪ್ಪ ಕಣ್ಣು ಎತ್ತದೆ "ಸುಮಿ ತಂದಿದ್ದಾ? ಒಳಗೆ ಇಡು" ಅನ್ನುತ್ತಿದ್ದ. ಮಾರ್ಕ್ಸ್ ಕಾರ್ಡಿಗೆ ಓದದೆ ಸಹಿ ಹಾಕುತ್ತಿದ್ದ. ನನಗೆ ಅದು ಪ್ರೀತಿ ಅಂತ ಹೊಳೆಯಲೇ ಇಲ್ಲ. ಈ ಮನುಷ್ಯನನ್ನು ಎಷ್ಟು ಸುಲಭವಾಗಿ ಏಮಾರಿಸಬಹುದಪ್ಪಾ ಅಂದುಕೊಳ್ಳುತ್ತಿದ್ದೆ.

ಇನ್ನೊಬ್ಬರನ್ನು ಕಂಡರೆ ಮೂಗು ಮುರಿಯುವುದು ನನಗೆ ಹುಟ್ಟಿನಿಂದ ಬಂದದ್ದೋ ಆ ಮನೆಯಲ್ಲಿ ಕಲಿತದ್ದೋ ಗೊತ್ತಿಲ್ಲ. ಹದಿನೆಂಟು ತುಂಬುವ ಹೊತ್ತಿಗೆ ಅದರಲ್ಲಿ ನಾನು ಪಳಗಿದ್ದೆ. ಅಪ್ಪ ತಟ್ಟೆಯಲ್ಲಿ ಅನ್ನ, ಸಾರು, ಪಲ್ಯಕ್ಕೆ ಬೇರೆ ಬೇರೆ ಜಾಗ ಮಾಡಿಕೊಂಡು ಊಟ ಮಾಡುವುದನ್ನು ಕಂಡರೆ ಮೈ ಉರಿಯುತ್ತಿತ್ತು. ಅವನು ಪೆನ್ನಿನ ಕ್ಯಾಪಿನ ಮೇಲೆ ಹೆಸರು ಬರೆದು ಅಂಟಿಸಿಕೊಳ್ಳುವುದು, ಬಸ್ಸಿನಲ್ಲಿ ಕಂಡಕ್ಟರಿಗೂ ಸರ್ ಅನ್ನುವುದು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಕುಹಕ ಇತ್ತು. ಡಿಗ್ರಿಗೆ ಸೇರಿದ ಮೇಲಂತೂ ತಲೆಯ ಮೇಲೆ ಎರಡು ಕೊಂಬು ಬಂದಿದ್ದವು. ಅಂಥ ಹೊತ್ತಿನಲ್ಲಿ, ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಅಪ್ಪನ ಕಾರ್ಖಾನೆಯಿಂದ ಒಂದು ಪತ್ರ ಬಂತು. ಸ್ಟೋರ್ಸಿಗೆ ಕಂಪ್ಯೂಟರ್ ಬರುತ್ತದೆ. ಕಾರ್ಖಾನೆಯೇ ಶಿವಮೊಗ್ಗದ ಒಂದು ಸೆಂಟರಿಗೆ ಆರು ತಿಂಗಳ ಪ್ರಾಥಮಿಕ ಕೋರ್ಸಿಗೆ ಕಳಿಸುತ್ತದೆ. ಪರೀಕ್ಷೆ ಪಾಸಾದವರು ಸ್ಟೋರ್ಸಿನಲ್ಲೇ ಇರುತ್ತಾರೆ, ಆಗದವರು ಯಾರ್ಡಿಗೆ. ಯಾರ್ಡು ಅಂದರೆ ಬಯಲು. ತುಕ್ಕು ಹಿಡಿದ ಕಬ್ಬಿಣ ಇಳಿಸುವ, ಏರಿಸುವ ಜಾಗ. ಅಪ್ಪನಿಗೆ ಆಗ ಐವತ್ತಕ್ಕೆ ಎರಡು ಕಮ್ಮಿ. ಎರಡನೇ ಸಲ ಪರೀಕ್ಷೆಗೆ ಅವಕಾಶವಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿತ್ತು. ಅಪ್ಪ ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಹಾಕಿಕೊಂಡ. ಅಮ್ಮ ಪತ್ರದ ಸಾರಾಂಶ ಕೇಳಿಕೊಂಡು ನನ್ನ ಕಡೆ ತಿರುಗಿದಳು.

"ನೀನೂ ಸೇರ್ಕೋ. ಅಪ್ಪ ಒಬ್ಬರೇ ಅಷ್ಟು ಚಿಕ್ಕ ಹುಡುಗರ ಮಧ್ಯೆ ಹೇಗೆ ಕೂತ್ಕೋತಾರೆ?"

"ನಂಗೇನು ಬೇರೆ ಕೆಲಸ ಇಲ್ವಾ?"

"ಇದೆ. ಮೂಗು ಮುರಿಯೋದು. ಅದನ್ನ ಅಲ್ಲಿ ಕೂತೂ ಮಾಡಬಹುದು, ಹೋಗು."

ಹೀಗೆ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಇಬ್ಬರೂ ಬಸ್ ಹತ್ತಿ ವಿದ್ಯಾನಗರದಲ್ಲಿ ಇಳಿಯತೊಡಗಿದೆವು. ಸೆಂಟರು ಒಂದು ಬೇಕರಿಯ ಮೇಲಿನ ಮಹಡಿ. ಮೆಟ್ಟಿಲ ತುಂಬಾ ಬನ್ನಿನ ವಾಸನೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಬೆಂಚಿನ ಮೇಲೆ ಕೂರಬೇಕು. ಬೆಂಚುಗಳಿಗೂ ಕಂಪ್ಯೂಟರಿಗೂ ನಡುವೆ ಗಾಜಿನ ಗೋಡೆ. ಗಾಜಿನಾಚೆ ಎಸಿ, ಈಚೆ ಫ್ಯಾನು. ಅಲ್ಲಿದ್ದ ನಾಲ್ಕು ಕಂಪ್ಯೂಟರಿಗೂ ಗುಲಾಬಿ ಬಣ್ಣದ ಬಟ್ಟೆಯ ಮುಸುಕು, ಅಂಚಿಗೆ ಲೇಸು. ಮೊದಲ ಮೂರು ತಿಂಗಳು ಥಿಯರಿ, ಮುಟ್ಟುವ ಹಾಗಿಲ್ಲ. ತ್ಯಾವರೆಕೊಪ್ಪದ ಸಫಾರಿಯಲ್ಲಿ ವ್ಯಾನಿನೊಳಗೆ ಕೂತು ಹುಲಿ ನೋಡುವವರ ಹಾಗೆ ನಾವು ಕಂಪ್ಯೂಟರ್ ನೋಡಿದೆವು. ಹುಲಿಯಾದರೂ ಒಮ್ಮೊಮ್ಮೆ ಎದ್ದು ಓಡಾಡುತ್ತದೆ. ಪಾಠ ಮಾಡುತ್ತಿದ್ದದ್ದು ನಿರಂಜನ ಸರ್ ಅನ್ನುವ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ. ಟೈ ಕಟ್ಟುತ್ತಿದ್ದ, ಅದರ ಕೆಳಗೆ ಬರಿಗಾಲು. ಕೈಯಲ್ಲಿ ಒಂದು ಝೆರಾಕ್ಸ್ ನೋಟ್ಸು. ಅವನಿಗೆ ಗೊತ್ತಿದ್ದದ್ದೆಲ್ಲ ಅದರಲ್ಲಿತ್ತು, ಅದರಲ್ಲಿ ಇಲ್ಲದ್ದು ಯಾವುದೂ ಅವನಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ಎಷ್ಟು ತಲೆಮಾರು, ಯಾವ ತಲೆಮಾರಿನಲ್ಲಿ ಏನಿತ್ತು, ಅದರ ಮೆದುಳು ಯಾವುದು, ಅದರ ಪಿತಾಮಹ ಯಾರು, ಎಲ್ಲವನ್ನೂ ಬಾಯಿಪಾಠ ಮಾಡಿಸಿದ. ಅಷ್ಟು ವಂಶಾವಳಿಯನ್ನು ನಾವು ನಮ್ಮ ತಾತಂದಿರದ್ದೂ ಕಲಿತಿರಲಿಲ್ಲ. ಇಡೀ ತರಗತಿ ಒಂದನೇ ಕ್ಲಾಸಿನ ಮಗ್ಗಿಯ ಹಾಗೆ ರಾಗ ಎಳೆದು ಹೇಳುತ್ತಿತ್ತು. ಅದರಲ್ಲಿ ನನ್ನಪ್ಪನ ಗಂಟಲೇ ಎಲ್ಲರಿಗಿಂತ ದೊಡ್ಡದು. ನಾನು ಬಾಯಿ ಮುಚ್ಚಿಕೊಂಡು ಫ್ಯಾನ್ ನೋಡುತ್ತಿದ್ದೆ.

ಒಂದು ಭಾನುವಾರ ಸರ್ ಹಾರ್ಡ್‌ವೇರ್, ಸಾಫ್ಟ್‌ವೇರ್ ಪಾಠ ಮಾಡಿದರು.

"ಹಾರ್ಡ್‌ವೇರ್ ಅಂದ್ರೆ ಮುಟ್ಟೋಕೆ ಆಗೋದು. ಸಾಫ್ಟ್‌ವೇರ್ ಅಂದ್ರೆ ಮುಟ್ಟೋಕೆ ಆಗದೇ ಇರೋದು. ಡೌಟ್ ಇದೆಯಾ?"

ನಾನು ಎದ್ದು ನಿಂತೆ.

"ಹಂಗಾದ್ರೆ ಇಲ್ಲಿರೋದೆಲ್ಲ ಸಾಫ್ಟ್‌ವೇರೇ ಅಲ್ವಾ ಸರ್? ಯಾವುದನ್ನೂ ಮುಟ್ಟೋಕೆ ಬಿಡಲ್ವಲ್ಲ."

ಕೋಣೆಯೆಲ್ಲ ನಕ್ಕಿತು. ನಿರಂಜನ ಸರ್ ಮುಖ ಕೆಂಪಾಯಿತು. ನನಗೆ ಎರಡು ಹೋಳಿಗೆ ತಿಂದಷ್ಟು ಖುಷಿ. ಆಗ ಹಿಂದಿನ ಬೆಂಚಿನಿಂದ ಅಪ್ಪ ಎದ್ದ. ಕೈ ಮುಗಿದುಕೊಂಡೇ ಎದ್ದ.

"ತಪ್ಪಾಯ್ತು ಸರ್. ಚಿಕ್ಕವಳು. ಮಾತು ಜಾಸ್ತಿ. ನೀವು ಪಾಠ ಮುಂದುವರಿಸಿ ಸರ್."

ತನ್ನ ಅರ್ಧ ವಯಸ್ಸಿನ, ಬರಿಗಾಲಲ್ಲಿ ಟೈ ಕಟ್ಟಿದ ಒಬ್ಬ ಬೆಪ್ಪನಿಗೆ ನನ್ನಪ್ಪ ನನ್ನ ಪರವಾಗಿ ಕೈ ಮುಗಿದದ್ದನ್ನು ನಾನು ತಿಂಗಳುಗಟ್ಟಲೆ ಕ್ಷಮಿಸಲಿಲ್ಲ. ಅವನಿಗೆ ಆ ಕೋರ್ಸು ಅನ್ನದ ಪ್ರಶ್ನೆ, ನನಗೆ ಬರೀ ತಮಾಷೆ ಅನ್ನುವುದು ತಿಳಿಯದಷ್ಟು ದಡ್ಡಿಯಲ್ಲ ನಾನು. ತಿಳಿದೂ ಅವನ ಮೇಲೇ ಸಿಟ್ಟಾದೆ.

ಥಿಯರಿ ಮುಗಿಯುವ ಹೊತ್ತಿಗೆ ಸರ್ ಬೋರ್ಡಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು, ಎಲ್ಲರೂ ಬರೆದುಕೊಳ್ಳಿ, ಯಾವ ಬೆರಳು ಯಾವ ಅಕ್ಷರಕ್ಕೆ ಅಂತ ಮನೆಯಲ್ಲಿ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ಬೆರಳು ನೋಡದೆ ಒಂದು ಪುಟ ಟೈಪ್ ಮಾಡಬೇಕು ಅಂದರು. ಅಪ್ಪನಿಗೆ ಹಿಂದಿನ ಬೆಂಚಿನಿಂದ ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲ. ಮುಂದೆ ಬಂದು ಕೂರಲು ನಾಚಿಕೆ. ನನಗೆ ಸನ್ನೆ ಮಾಡಿದ, ನಂಗೂ ಸೇರಿಸಿ ಬರ್ಕೋ ಅಂತ. ನಾನು ಬರೆದುಕೊಂಡೆ. ಹೇಗೆ ಬರೆದುಕೊಂಡೆ ಅಂದರೆ, ಪಕ್ಕದ ಹುಡುಗಿಯ ಜೊತೆ ಸರ್ ಟೈ ಬಗ್ಗೆ ಪಿಸುಗುಟ್ಟಿಕೊಂಡು, ನೋಟ್ಸಿನ ಹಿಂಬದಿಯ ಹಾಳೆಯಲ್ಲಿ, ಗೀಚಿದ ಹಾಗೆ. ಬಸ್ಸಿನಲ್ಲಿ ಆ ಹಾಳೆ ಹರಿದು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ, ಬಿಚ್ಚಿಯೂ ನೋಡಲಿಲ್ಲ.

ಮರುದಿನ ಅಪ್ಪ ಸ್ಟೋರ್ಸಿನಿಂದ ಬೇರಿಂಗ್ ಬರುವ ಡಬ್ಬಿಯ ದಪ್ಪ ರಟ್ಟು ಕೇಳಿ ತಂದ. ಅದರ ಮೇಲೆ ಬಿಳಿ ಹಾಳೆ ಅಂಟಿಸಿ, ಸ್ಕೇಲಿನಲ್ಲಿ ಮನೆ ಎಳೆದು, ಕಪ್ಪು ಇಂಕಿನಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರ ಬರೆದ. ಅಪ್ಪನ ಅಕ್ಷರ ಮುತ್ತಿನಂಥದ್ದು. ರ್ಯಾಕಿಗೆ ಅಂಟಿಸುವ ಚೀಟಿ ಬರೆದು ಬರೆದು ಕೂತ ಕೈ. ನನ್ನ ಗೀಚು ಅವನ ಕೈಯಲ್ಲಿ ಅಚ್ಚು ಹಾಕಿಸಿದ ಹಾಗೆ ಆಯಿತು. ಆವತ್ತಿನಿಂದ ಮನೆಯಲ್ಲಿ ಹೊಸ ವ್ರತ ಶುರುವಾಯಿತು. ಬೆಳಿಗ್ಗೆ ಕಾರ್ಖಾನೆಯ ಸೈರನ್ನಿಗೆ ಒಂದು ಗಂಟೆ ಮೊದಲು ಸ್ನಾನ ಮಾಡಿ, ಕೈ ಒರೆಸಿಕೊಂಡು, ಒಂದು ಮಣೆಯ ಮೇಲೆ ತಾನು ಕೂತು ಇನ್ನೊಂದು ಮಣೆಯ ಮೇಲೆ ರಟ್ಟು ಇಟ್ಟುಕೊಂಡು, ಎದುರಿಗೆ ಹಳೆಯ ಇಂಗ್ಲಿಷ್ ಪೇಪರಿನ ತುಂಡು ಗೋಡೆಗೆ ಅಂಟಿಸಿ, ಹತ್ತು ಬೆರಳಿನಲ್ಲಿ ಬಡಿಯುತ್ತಿದ್ದ. ಮೊದಲ ವಾರ ನೋಡಿಕೊಂಡು, ಆಮೇಲೆ ನೋಡದೆ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ, ಮುಂದಿನ ಹಾಲ್‌ನಲ್ಲಿ ರಟ್ಟು ಟಪಟಪ. ಮೊದಮೊದಲು ಅಮ್ಮ ನಕ್ಕಳು.

"ಅಲ್ರೀ, ಇದರಲ್ಲಿ ಹೊಡೆದಿದ್ದು ಎಲ್ಲಿ ಕಾಣತ್ತೆ?"

"ಎಲ್ಲೂ ಕಾಣಲ್ಲ. ಬೆರಳಿಗೆ ಗೊತ್ತಾಗತ್ತೆ."

ಎರಡನೇ ತಿಂಗಳಿಗೆ ಅಮ್ಮನೂ ಪಾರ್ಟಿ ಬದಲಾಯಿಸಿದಳು. ರಟ್ಟಿನ ಮೇಲೆ ಬಿಸಿ ಪಾತ್ರೆ ಇಟ್ಟೆ ಅಂತ ನನಗೆ ಬೈದಳು. ಸೆಂಟರಿನಲ್ಲಿ ಮುಸುಕು ಹಾಕುತ್ತಾರೆ ಅಂತ ಕೇಳಿ, ತನ್ನ ಹಳೇ ರವಿಕೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದಳು. ಅಕ್ಕಪಕ್ಕದವರು ಬಂದರೆ ತೆಗೆದು ತೋರಿಸುತ್ತಿದ್ದಳು. ಹುಚ್ಚರ ಸಂತೆ ಅಂದುಕೊಂಡು ನಾನು ತಿಂಡಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಪ್ರಾಕ್ಟಿಕಲ್ ಶುರುವಾದಾಗ ಮುಸುಕು ತೆಗೆದರು. ಒಂದು ಮಿಷಿನ್ನಿಗೆ ಮೂರು ಜನ, ಅರ್ಧ ಗಂಟೆ. ಅಪ್ಪನ ಪಾಲಿಗೆ ಬಂದದ್ದು ಹೊಳಲೂರಿನ ಇಬ್ಬರು ಹುಡುಗರು. ಅವರು ಕುರ್ಚಿ ಹಿಡಿದರೆ ಬಿಡುತ್ತಿರಲಿಲ್ಲ. ಅಪ್ಪ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದ. ಕೊನೆಗೆ ಅವರಿಗೇ ಪಾಪ ಅನ್ನಿಸಿ "ಎಂಟರ್ ನೀವು ಒತ್ತಿ ಅಂಕಲ್" ಅನ್ನುತ್ತಿದ್ದರು. ಅಪ್ಪ ಬಗ್ಗಿ ಎಂಟರ್ ಒತ್ತಿ, ಥ್ಯಾಂಕ್ಸ್ ಹೇಳಿ, ಮತ್ತೆ ಹಿಂದೆ ಸರಿಯುತ್ತಿದ್ದ. ಮೂರು ತಿಂಗಳಲ್ಲಿ ಅವನು ಆ ಮಿಷಿನ್ನಿನಲ್ಲಿ ಮುಟ್ಟಿದ ಗುಂಡಿ ಅದೊಂದೇ. ಯಾಕೆ ಕೇಳಲ್ಲ ಅಂತ ನಾನೊಮ್ಮೆ ರೇಗಿದೆ.

"ಹುಡುಗರು ಕಲೀಲಿ ಬಿಡು. ಅವರ ಮನೇಲಿ ಇಲ್ಲ ಪಾಪ. ನಮ್ಮನೇಲಿ ಒಂದಿದೆಯಲ್ಲ."

ನಾನು ಮಾತ್ರ ನನ್ನ ಮಿಷಿನ್ನಿನಲ್ಲಿ ಇಬ್ಬರನ್ನು ಬದಿಗೆ ತಳ್ಳಿ ಕೂತೆ. ಎರಡನೇ ಶನಿವಾರ ನನ್ನ ಹೆಸರು, ಕಾಲೇಜು ಎಲ್ಲ ಟೈಪ್ ಮಾಡುವಾಗ ಬೆರಳು ಹುಡುಕುತ್ತಾ ಹೋಯಿತು, ಕಣ್ಣು ನಡುವಿನ ಸಾಲಿನಲ್ಲಿ ನಿಂತಿತು. ಜಿ ಆದ ಮೇಲೆ ಎಚ್. ನಾನು ಅಪ್ಪನಿಗೆ ಬರೆದುಕೊಟ್ಟದ್ದರಲ್ಲಿ ಎಚ್ ಆದ ಮೇಲೆ ಜಿ. ಕೆಳಗಿನ ಸಾಲು ನೋಡಿದೆ. ಅಲ್ಲೂ ಎಂ, ಎನ್ ಅದಲು ಬದಲು. ದಿನಾ ಬೆಳಿಗ್ಗೆ ತಿಂಡಿ ತಟ್ಟೆ ಹಿಡಿದು ದಾಟಿಕೊಂಡು ಹೋಗುತ್ತಿದ್ದ ರಟ್ಟು, ಮುತ್ತಿನಂಥ ಅಕ್ಷರ, ಕಣ್ಣಿಗೆ ಕಟ್ಟಿತು. ಸುಳ್ಳು ಹೇಳುವುದಿಲ್ಲ, ಎದ್ದು ಅಪ್ಪನ ಹತ್ತಿರ ಹೋಗಲು ಕುರ್ಚಿ ಹಿಂದೆ ಸರಿಸಿದೆ.

ಆದರೆ ಹೇಳಲಿಲ್ಲ. ಅದೇ ಮಧ್ಯಾಹ್ನ ಹೊಳಲೂರಿನ ಹುಡುಗನೊಬ್ಬ ಏನೋ ತಪ್ಪು ಒತ್ತಿದ್ದಕ್ಕೆ, ಇಷ್ಟೂ ಗೊತ್ತಾಗಲ್ವಾ ಅಂತ ನಾನು ಎಲ್ಲರೆದುರಿಗೆ ಹೀಯಾಳಿಸಿದ್ದೆ. ಈಗ ನಾಲ್ಕು ಅಕ್ಷರ ನೆಟ್ಟಗೆ ನೋಡಿ ಬರೆಯಲು ಬಾರದವಳು ನಾನೇ ಅಂತ ಹೇಗೆ ಒಪ್ಪಿಕೊಳ್ಳುವುದು? ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂದಾಗ ಅಪ್ಪ ಕಣ್ಣು ಮುಚ್ಚಿ ಟಪಟಪ ಬಡಿಯುತ್ತಿದ್ದ, ಮುಖದಲ್ಲಿ ಒಂದು ಸಮಾಧಾನ. ಆಮೇಲೆ ನನಗೆ ನಾನೇ ಬೇರೆ ಮಾತು ಹೇಳಿಕೊಂಡೆ. ಎಂಟರ್ ಬಿಟ್ಟು ಬೇರೆ ಗುಂಡಿ ಮುಟ್ಟದ ಮನುಷ್ಯ, ಹೇಗಿದ್ದರೂ ಫೇಲಾಗುವವನು, ನಾಲ್ಕು ಅಕ್ಷರದಿಂದ ಏನಾಗಬೇಕು. ಇದು ನನ್ನ ತಿರಸ್ಕಾರದ ನಿಜವಾದ ಉಪಯೋಗ. ಬೇರೆಯವರನ್ನು ಕೈಲಾಗದವರು ಅಂತ ತೀರ್ಮಾನಿಸಿಬಿಟ್ಟರೆ ಅವರಿಗೆ ನಾವು ಮಾಡಿದ್ದು ಯಾವುದೂ ತಪ್ಪಾಗಿ ಕಾಣುವುದಿಲ್ಲ. ಪೂರಾ ಎರಡೂವರೆ ತಿಂಗಳು, ಒಂದು ಬ್ಲೇಡು, ಚೂರು ಇಂಕಿನಲ್ಲಿ ಮುಗಿಯುವ ಕೆಲಸವನ್ನು ಹಾಗೇ ಇಟ್ಟೆ. ಆ ಬೆರಳುಗಳು ನನ್ನ ತಪ್ಪನ್ನು ಅಷ್ಟೂ ದಿನ ಶ್ರದ್ಧೆಯಿಂದ ಕಲಿತವು.

ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಬೆಳಿಗ್ಗೆ ಥಿಯರಿಯಲ್ಲಿ ಅವನಷ್ಟು ಚೆನ್ನಾಗಿ ಯಾರೂ ಬರೆದಿರಲಿಕ್ಕಿಲ್ಲ, ಐದು ತಲೆಮಾರೂ ಬಾಯಲ್ಲಿದ್ದವು. ಮಧ್ಯಾಹ್ನ ಟೈಪಿಂಗು. ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ನಾಲ್ಕು ನಾಲ್ಕು ಜನರನ್ನು ಕೂರಿಸಿದರು, ಒಬ್ಬೊಬ್ಬರಿಗೆ ಒಂದೊಂದು ಮಿಷಿನ್, ಎಡಗಡೆ ಒಂದು ಪುಟ ಇಂಗ್ಲಿಷು, ಹದಿನೈದು ನಿಮಿಷ. ಅಪ್ಪ ನನ್ನ ಪಕ್ಕದಲ್ಲಿ ಕೂತ. ಆರು ತಿಂಗಳಲ್ಲಿ ಮೊದಲ ಸಲ ಕುರ್ಚಿ ಸಿಕ್ಕಿತ್ತು. ಕೈ ಒರೆಸಿಕೊಂಡು ಬೆರಳು ಇಟ್ಟ. ಆಮೇಲೆ ನಾನು ನನ್ನ ಪುಟ ಮರೆತೆ. ಅವನು ಬೆರಳು ನೋಡಲಿಲ್ಲ, ಪರದೆ ನೋಡಲಿಲ್ಲ, ಬರೀ ಕಾಗದ ನೋಡಿಕೊಂಡು ಹೊಡೆಯುತ್ತಾ ಹೋದ. ಮಳೆ ಹನಿ ಬಿದ್ದ ಹಾಗೆ, ಒಂದೇ ಸಮ, ತಡೆಯಿಲ್ಲದೆ. ಹೊಳಲೂರಿನ ಹುಡುಗರು ಒಂದು ಬೆರಳಲ್ಲಿ ಅಕ್ಷರ ಹುಡುಕುವುದು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವನು ನನ್ನಪ್ಪ. ಕೊನೆಯಲ್ಲಿ ಎಂಟರ್ ಒತ್ತಿ, ತೊಡೆಯ ಮೇಲೆ ಕೈ ಇಟ್ಟುಕೊಂಡು, ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಪರದೆ ನೋಡಿದ.

ಪುಟ ತುಂಬಾ ನನ್ನ ತಪ್ಪೇ ಇತ್ತು. ಎಚ್ ಬರಬೇಕಾದ ಕಡೆಯೆಲ್ಲ ಜಿ, ಜಿ ಬರಬೇಕಾದ ಕಡೆಯೆಲ್ಲ ಎಚ್, ಎಂ ಜಾಗದಲ್ಲಿ ಎನ್, ಒಂದೂ ಬಿಡದೆ, ನಿಯತ್ತಾಗಿ, ಸಾಲು ಸಾಲಿಗೂ. ಬೇರೆ ಒಂದು ತಪ್ಪಿಲ್ಲ. ಪರೀಕ್ಷಕರು ಬಗ್ಗಿ ನೋಡಿ ನಕ್ಕರು.

"ಏನ್ ಯಜಮಾನ್ರೇ, ಯಾವ ಭಾಷೆ ಇದು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಕೋಣೆಯಲ್ಲಿ ನಾನು ನಗದೆ ಇದ್ದದ್ದು ಅದೊಂದೇ ಸಲ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಕೀಬೋರ್ಡಿಗೆ ಮುಖ ಹತ್ತಿರ ತಂದು, ಮಾಲು ಬಂದಾಗ ನೋಡುವ ಹಾಗೆ, ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದ. ಜಿ ಹತ್ತಿರ ಬೆರಳು ನಿಂತಿತು. ಪಕ್ಕಕ್ಕೆ ಹೋಯಿತು. ಕೆಳಗಿನ ಸಾಲಿಗೆ ಹೋಯಿತು. ಆಮೇಲೆ ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ, ಪರೀಕ್ಷಕರಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡ.

ಬಸ್ಸು ಶಿವಮೊಗ್ಗ ದಾಟಿದ ಮೇಲೆ ಅಪ್ಪ ಮಾತು ತೆಗೆದ.

"ಜಿ, ಎಚ್ ಅದಲು ಬದಲಾಗಿದೆ. ಎಂ, ಎನ್ನೂ."

"ಹೂಂ."

"ನಿಂಗೆ ಯಾವಾಗ ಗೊತ್ತಾಯ್ತು?"

"ಇವತ್ತೇ ಅಪ್ಪ. ನಿನ್ನ ಸ್ಕ್ರೀನ್ ನೋಡ್ದಾಗ."

ಅಪ್ಪ ನನ್ನ ಮುಖ ನೋಡಿದ. ಮೂರು ತಿಂಗಳು ಕುರ್ಚಿ ಬಿಡದೆ ಮಿಷಿನ್ ಮುಂದೆ ಕೂತವಳು ನಾನು ಅನ್ನುವುದು ಕುರ್ಚಿಯ ಹಿಂದೆ ನಿಂತಿದ್ದವನಿಗೆ ಗೊತ್ತಿಲ್ಲದ ವಿಷಯವಲ್ಲ. ಅವನು ಕಿಟಕಿಯ ಕಡೆ ತಿರುಗಿಕೊಂಡ.

"ತಪ್ಪು ನಂದೇ ಬಿಡು. ಇಪ್ಪತ್ತು ವರ್ಷದ ಮೇಲೆ ಸ್ಟೋರ್ಸಲ್ಲಿ ಇದ್ದೋನು. ಟ್ಯಾಲಿ ಮಾಡ್ದೆ ಒಳಗೆ ತಗೊಂಡೆ."

ಮನೆಗೆ ಬಂದವನೇ ಕಾಫಿಯನ್ನೂ ಕುಡಿಯದೆ ರಟ್ಟು ತೆಗೆದು, ಬ್ಲೇಡಿನಲ್ಲಿ ನಾಲ್ಕು ಅಕ್ಷರ ಹೆರೆದು ಸರಿಯಾಗಿ ಬರೆದ. ಇನ್ಯಾಕೆ ಅಂತ ಅಮ್ಮ ಕೇಳಿದಳು. ತಪ್ಪು ಚೀಟಿ ಇರೋ ಮಾಲು ಮನೇಲಿರಬಾರದು ಅಂದ. ಇಂಕು ಒಣಗಿದ ಮೇಲೆ ಅಮ್ಮನ ರವಿಕೆ ಚೀಲದೊಳಗೆ ಹಾಕಿ ಬೀರುವಿನ ಮೇಲಿಟ್ಟ. ಫೇಲಾದದ್ದು ಹೇಗೆ ಅಂತ ಅಮ್ಮ ಎಷ್ಟು ಸಲ ಕೇಳಿದರೂ, ವಯಸ್ಸಾಯ್ತಲ್ಲ ಮಾರಾಯ್ತಿ, ಬೆರಳು ಹೇಳಿದ ಮಾತು ಕೇಳಲ್ಲ ಅಂತ ಹೇಳಿ ಮುಗಿಸಿದ. ಮುಂದಿನ ತಿಂಗಳು ಅವನನ್ನು ಯಾರ್ಡಿಗೆ ಹಾಕಿದರು. ಸ್ಟೋರ್ಸಿಗೆ ಬಂದ ಹೊಸ ಹುಡುಗನಿಗೆ ಟೈಪಿಂಗ್ ಬರುತ್ತಿತ್ತು, ಯಾವ ಬೇರಿಂಗ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಅಪ್ಪ ಯಾರ್ಡಿನಿಂದ ನಡೆದು ಹೋಗಿ ತೋರಿಸಿಕೊಟ್ಟು ಬರುತ್ತಿದ್ದನಂತೆ.

ಈಗ ನಾನು ಶಿವಮೊಗ್ಗದ ಒಂದು ಆಫೀಸಿನಲ್ಲಿ ದಿನವಿಡೀ ಕೀಬೋರ್ಡ್ ಮುಂದೆ ಕೂರುತ್ತೇನೆ. ಆ ಸೆಂಟರು, ಆ ಟೈ, ಆ ಗುಲಾಬಿ ಮುಸುಕು, ಎಲ್ಲವನ್ನೂ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅಲ್ಲಿ ಯಾರೂ ಏನನ್ನೂ ಕಲಿಸಲಿಲ್ಲ. ಆದರೆ ಆ ಹೇಸಿಗೆಯ ಪಟ್ಟಿಯಲ್ಲಿ ಮೊದಲ ಹೆಸರು ನಿರಂಜನ ಸರ್ ಅವರದ್ದಲ್ಲ.

ನನ್ನ ಸರ್ಟಿಫಿಕೇಟು ಬಂದದ್ದು ಎರಡು ತಿಂಗಳಾದ ಮೇಲೆ. ಡಿಸ್ಟಿಂಕ್ಷನ್. ಸೆಂಟರಿನಿಂದ ತೆಗೆದುಕೊಂಡು ಸಂಜೆ ಮನೆಗೆ ಬಂದೆ. ಅಪ್ಪ ಆಗಷ್ಟೇ ಯಾರ್ಡಿನಿಂದ ಬಂದು ಹೊಸ್ತಿಲ ಒಳಗೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಅಂಗಿಯ ತೋಳೆಲ್ಲ ತುಕ್ಕು. ನಾನು ಕವರ್ ಮುಂದೆ ಹಿಡಿದು ನಿಂತೆ. ಒಳಗೆ ಇಡು ಅನ್ನುತ್ತಾನೆ ಅಂತ ಕಾದೆ. ಅಪ್ಪ ಅಂಗಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಕೈ ಚಾಚಿದ.

"ಹಾಲ್ ಟಿಕೆಟ್ ತಾ."

ಬ್ಯಾಗಿನಿಂದ ತೆಗೆದು ಕೊಟ್ಟೆ. ಒಂದು ತೊಡೆಯ ಮೇಲೆ ಹಾಲ್ ಟಿಕೆಟ್, ಇನ್ನೊಂದರ ಮೇಲೆ ಸರ್ಟಿಫಿಕೇಟ್. ಹೆಸರು ನೋಡಿದ, ಇನಿಶಿಯಲ್ ನೋಡಿದ, ರಿಜಿಸ್ಟರ್ ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿದ. ನಾನು ಹೊಸ್ತಿಲ ಆಚೆ, ಸೋದರಮಾವ ನಿಂತಿದ್ದ ಜಾಗದಲ್ಲಿ ನಿಂತಿದ್ದೆ.

"ಸರಿ ಇದೆ," ಅಂದ ಅಪ್ಪ. "ಒಳಗೆ ಬಾ."